ಗ್ರೀಕರ ಪಾನಕೂಟದ ಸೈಫನ್ ಬಟ್ಟಲು: ಮಣ್ಣಿನಲ್ಲಿ ಮಾಡುವ ಸಮಗ್ರ ಮಾರ್ಗದರ್ಶಿ

ಗೆರೆಯವರೆಗೆ ಸುರಿದರೆ ಸುಮ್ಮನಿರುವ, ಗೆರೆ ದಾಟಿದರೆ ತಳದಿಂದ ಪೂರ್ತಿ ಸೋರಿಹೋಗುವ ಬಟ್ಟಲನ್ನು ಗ್ರೀಸ್‌ನ ಸಾಮೋಸ್ ದ್ವೀಪದ ಅಂಗಡಿಗಳಲ್ಲಿ ಇಂದಿಗೂ ಪೈಥಾಗೊರಸನ ಬಟ್ಟಲು ಎಂಬ ಹೆಸರಿನಲ್ಲಿ ಮಾರುತ್ತಾರೆ. ಹಿತ್ತಾಳೆಯ ವಸುದೇವ ಬಟ್ಟಲನ್ನು ನೋಡಿದವರಿಗೆ ಇದರ ಕೆಲಸ ಪರಿಚಿತ: ನೀರು ಕೃಷ್ಣನ ಪಾದವನ್ನು ಮುಟ್ಟಿದೊಡನೆ ಕೆಳಗಿಳಿದು ಖಾಲಿಯಾಗುತ್ತದೆ. ಎರಡರಲ್ಲೂ ಇರುವುದು ಸೈಫನ್, ಅಂದರೆ ದ್ರವವನ್ನು ಮೊದಲು ಮೇಲಕ್ಕೇರಿಸಿ ಆಮೇಲೆ ತಾನಾಗಿಯೇ ಕೆಳಕ್ಕೆಳೆದು ಇಳಿಸುವ ಕೊಳವೆ. ಲೋಹದಲ್ಲಿ ಅದನ್ನು ಬೆಸೆದು ಮುಗಿಸಬಹುದು. ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಡುವಾಗ ಇನ್ನಷ್ಟು ಕುಗ್ಗುತ್ತದೆ, ಜೋಡಣೆಯಲ್ಲಿ ಬಿರಿಯುತ್ತದೆ.

ಮಣ್ಣಿನಲ್ಲಿ ಪ್ರಯತ್ನಿಸಿದವರು ಹೇಳುವ ತೊಂದರೆಗಳು ಬಹುತೇಕ ಒಂದೇ. ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತದೆಯೇ ಹೊರತು ಧಾರೆಯಾಗುವುದಿಲ್ಲ; ಅಥವಾ ಅಂಚಿನವರೆಗೆ ತುಂಬಿದರೂ ಇಳಿಯುವುದಿಲ್ಲ; ಅಥವಾ ಅರ್ಧ ಇಳಿದು ನಿಲ್ಲುತ್ತದೆ. ಈ ಮೂರಕ್ಕೂ ಕಾರಣ ಬಟ್ಟಲಿನ ನಡುವೆ ಸೈಫನ್ನನ್ನು ಅಡಗಿಸಿಕೊಂಡು ನಿಲ್ಲುವ ಕಂಬದೊಳಗೆ ಇರುತ್ತದೆ, ಮತ್ತು ಕಂಬವನ್ನು ಅಂಟಿಸಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಕಂಬ ಮುಚ್ಚುವ ಮೊದಲು ಏನೇನು ಪರೀಕ್ಷಿಸಬೇಕು, ಯಾವ ಭಾಗವನ್ನು ಯಾವುದರ ನಂತರ ಮಾಡಬೇಕು ಎಂಬುದಕ್ಕೆ ಮೀಸಲಾಗಿದೆ.

ಸೈಫನ್‌ನಲ್ಲಿ ಎರಡು ಬಗೆಗಳಿವೆ. ಒಂದು ಬಾಗಿದ ಕೊಳವೆ. ಇನ್ನೊಂದು ನೆಟ್ಟಗಿನ ಕೊಳವೆಯ ಮೇಲೆ ತಲೆ ಮುಚ್ಚಿದ ದೊಡ್ಡ ಕೊಳವೆಯನ್ನು ಕವುಚಿದ್ದು. ಕ್ರಿ.ಶ. 1ನೆಯ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋನ್ ತನ್ನ ‘ನ್ಯೂಮಾಟಿಕಾ’ ಗ್ರಂಥದಲ್ಲಿ ಎರಡನ್ನೂ ವಿವರಿಸಿದ್ದಾನೆ. ಮಣ್ಣಿನ ಕೆಲಸಕ್ಕೆ ಎರಡನೆಯದನ್ನೇ ಆರಿಸಿಕೊಳ್ಳಬೇಕು. ಬಾಗಿದ ಮಣ್ಣಿನ ಕೊಳವೆ ಬಾಗಿನಲ್ಲೇ ಬಿರಿಯುತ್ತದೆ, ಅದರೊಳಗೆ ತಂತಿ ಹಾಯುವುದಿಲ್ಲ, ತೊಳೆಯಲೂ ಆಗುವುದಿಲ್ಲ. ನೆಟ್ಟಗಿನ ಕೊಳವೆಯನ್ನು ಕೊನೆಯವರೆಗೂ ಕೆಳಗಿನಿಂದ ತಂತಿ ತೂರಿಸಿ ನೋಡಬಹುದು.

ಮುಂದೆ ನಳಿಗೆ ಎಂದರೆ ಒಳಗಿನ ಸಣ್ಣ ಕೊಳವೆ, ಕಂಬ ಎಂದರೆ ಅದರ ಮೇಲೆ ಕವುಚುವ ತಲೆ ಮುಚ್ಚಿದ ಕೊಳವೆ, ಕಂಡಿ ಎಂದರೆ ಕಂಬದ ಬುಡದಲ್ಲಿ ನೀರು ಒಳಹೋಗಲು ಬಿಡುವ ರಂಧ್ರ, ಒಡಲು ಎಂದರೆ ಬಟ್ಟಲಿನ ದ್ರವ ಹಿಡಿಯುವ ಭಾಗ ಎಂದು ತಿಳಿಯಬೇಕು.

ಹಂತ 1: ಮಣ್ಣು ಮುಟ್ಟುವ ಮೊದಲು ಪ್ಲಾಸ್ಟಿಕ್ ಲೋಟದಲ್ಲಿ ಮಾದರಿ

ಈ ಹಂತವನ್ನು ಬಿಡುವವರೇ ಹೆಚ್ಚು. ಬಿಟ್ಟರೆ ಮುಂದೆ ದೋಷ ಮಣ್ಣಿನದೋ ಅಳತೆಯದೋ ಎಂದು ತಿಳಿಯುವುದಿಲ್ಲ.

ಪ್ಲಾಸ್ಟಿಕ್ ಲೋಟದ ತಳದ ನಡುವೆ ತೂತು ಮಾಡಿ, ಒಂದು ಸ್ಟ್ರಾವನ್ನು ನೆಟ್ಟಗೆ ತೂರಿಸಿ, ಸುತ್ತ ಎಂ-ಸೀಲ್ ಹಚ್ಚಿ. ಸ್ಟ್ರಾ ಲೋಟದೊಳಗೆ ಮೂರು ಸೆಂಟಿಮೀಟರ್ ಮೇಲಿರಲಿ, ತಳದ ಕೆಳಗೆ ನಾಲ್ಕು ಸೆಂಟಿಮೀಟರ್ ಇಳಿದಿರಲಿ. ವೈಟ್‌ಬೋರ್ಡ್ ಮಾರ್ಕರಿನ ತೂತಿಲ್ಲದ ಮುಚ್ಚಳದ ಅಂಚಿನಲ್ಲಿ ಮೂರು ಕಚ್ಚು ಕೊಯ್ದು ಅದನ್ನು ಸ್ಟ್ರಾದ ಮೇಲೆ ಕವುಚಿ. ಮುಚ್ಚಳದ ಒಳಚಾವಣಿ ಸ್ಟ್ರಾದ ಬಾಯಿಗೆ ತಾಗಬಾರದು; ತಾಗುವಂತಿದ್ದರೆ ಸ್ಟ್ರಾವನ್ನು ಕತ್ತರಿಸಿ ಇಳಿಸಿ.

ಮೊದಲು ಮುಚ್ಚಳವಿಲ್ಲದೆ ನೀರು ಸುರಿಯಿರಿ: ಸ್ಟ್ರಾದ ಬಾಯಿಗಿಂತ ಮೇಲಿನ ನೀರು ಮಾತ್ರ ಹೋಗುತ್ತದೆ, ಉಳಿದದ್ದು ನಿಲ್ಲುತ್ತದೆ. ಮುಚ್ಚಳ ಕವುಚಿ ಸುರಿದರೆ ನೀರು ಕಚ್ಚುಗಳ ಮಟ್ಟದವರೆಗೂ ಇಳಿಯುತ್ತದೆ. ಇನ್ನು ಕೊನೆಯ ನೀರನ್ನು ಬಹಳ ನಿಧಾನವಾಗಿ, ಚಮಚದಿಂದ ಹಾಕಿ ನೋಡಿ. ಆಗ ಮುಚ್ಚಳವಿದ್ದರೂ ನೀರು ಸ್ಟ್ರಾದ ಒಳಗೋಡೆಗೆ ಅಂಟಿಕೊಂಡು ತೊಟ್ಟಿಕ್ಕಬಹುದು, ಸೈಫನ್ ಹಿಡಿಯದಿರಬಹುದು. ನಳಿಗೆಯ ಅಡ್ಡಗಲಕ್ಕೆ ನೀರು ಪೂರ್ತಿ ಬಿರಡೆಯಾಗಿ ಕೂತು, ಕೆಳಗಿರುವ ಗಾಳಿಯನ್ನು ತಳ್ಳಿಕೊಂಡು ಇಳಿದಾಗ ಮಾತ್ರ ಸೈಫನ್ ಆರಂಭವಾಗುತ್ತದೆ ಎಂಬುದನ್ನು ಈ ಲೋಟದಲ್ಲಿ ಕಣ್ಣಾರೆ ಕಾಣಬಹುದು. ಮುಂದಿನ ಅಳತೆಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು.

ಹಂತ 2: ಮಣ್ಣು ಮತ್ತು ಸಲಕರಣೆ

ಸುಮಾರು 1,220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಗಿಯಾಗಿ ಸುಡುವ ಸ್ಟೋನ್‌ವೇರ್ ಮಣ್ಣನ್ನು ತೆಗೆದುಕೊಳ್ಳಿ. ಪ್ರಾಚೀನ ಅಥೆನ್ಸ್‌ನ ಕುಂಬಾರರು ಬಳಸಿದ್ದು ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣು, ಅವರ ಆವಿಗೆಯ ಶಾಖ ಇದಕ್ಕಿಂತ ಬಹಳ ಕಡಿಮೆ. ನಾವು ಅದನ್ನೇ ಅನುಸರಿಸಿದರೆ ನಳಿಗೆಯ ಒಳಮೈ ನೀರು ಹೀರುತ್ತದೆ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ತಲುಪದ ಆ ಜಾಗದಲ್ಲಿ ಪಾನೀಯದ ಅಂಶ ಉಳಿದು ಬೂಷ್ಟು ಹಿಡಿಯುತ್ತದೆ. ಕೆಂಪು ಬಣ್ಣ ಬೇಕಿದ್ದರೆ ಅದೇ ಶಾಖಕ್ಕೆ ಸುಡುವ ಕೆಂಪು ಸ್ಟೋನ್‌ವೇರ್ ಮಣ್ಣು ಸಿಗುತ್ತದೆ. ಮರಳು ಅಥವಾ ಸುಟ್ಟ ಮಣ್ಣಿನ ಹರಳು ಬೆರೆತ ಒರಟು ಮಣ್ಣು ಬೇಡ, ನಳಿಗೆಯ ಒಳಮೈ ತರಿತರಿಯಾಗುತ್ತದೆ.

ಸಲಕರಣೆಗಳು ಇಷ್ಟು: ತಿಗರಿ, 5.5 ಮಿಲಿಮೀಟರ್ ದಪ್ಪದ ಲೋಹದ ಹೆಣಿಗೆ ಕಡ್ಡಿ, ಸುಮಾರು 20 ಮಿಲಿಮೀಟರ್ ದಪ್ಪದ ನುಣುಪಾದ ಮರದ ಗುಂಡುಗೋಲು, ಮಣ್ಣು ಕೊಯ್ಯುವ ತಂತಿ, ಸೂಜಿ, ಸ್ಪಂಜು, ಹಳೆಯ ಟೂತ್‌ಬ್ರಷ್, ಮಿಲಿಮೀಟರ್ ಗುರುತಿನ ಉಕ್ಕಿನ ಸ್ಕೇಲು, ಅಕ್ವೇರಿಯಂಗೆ ಬಳಸುವ ಮೆತ್ತನೆಯ ರಬ್ಬರ್ ಅಥವಾ ಸಿಲಿಕೋನ್ ಕೊಳವೆಯ ಒಂದು ತುಂಡು, ಹಳೆಯ ಪತ್ರಿಕೆ, ಪ್ಲಾಸ್ಟಿಕ್ ಹಾಳೆ, ಕರಗಿದ ಮೇಣ. ತಿಗರಿ ಇಲ್ಲದವರು ಉಕ್ಕಿನ ಬೋಗುಣಿಯೊಳಗೆ ತೆಳುಬಟ್ಟೆ ಹಾಸಿ, ಲಟ್ಟಿಸಿದ ಮಣ್ಣಿನ ಹಾಳೆಯನ್ನು ಒತ್ತಿ ಒಡಲು ಮಾಡಿಕೊಳ್ಳಬಹುದು. ಸೈಫನ್‌ಗೆ ಅದರಿಂದ ಏನೂ ಕೊರತೆಯಿಲ್ಲ.

ಜೋಡಣೆಗೆ ಸ್ಲಿಪ್ ಬೇಕು. ಅದೇ ಮಣ್ಣಿನ ಒಣಪುಡಿಯನ್ನು ನೀರಿನಲ್ಲಿ ನೆನೆಸಿ, ಗಟ್ಟಿ ಮೊಸರಿನ ಹದಕ್ಕೆ ಕದಡಿ, ಜರಡಿ ಹಿಡಿದು ಇಟ್ಟುಕೊಳ್ಳಿ. ಬೇರೆ ಮಣ್ಣಿನ ಸ್ಲಿಪ್ ಬೇರೆ ಪ್ರಮಾಣದಲ್ಲಿ ಕುಗ್ಗಿ ಕೀಲು ಬಿಡುತ್ತದೆ.

ಹಂತ 3: ಕುಗ್ಗುವಿಕೆ ಅಳೆದು ಅಳತೆ ನಿಗದಿ ಮಾಡುವುದು

ಅದೇ ಮಣ್ಣಿನಲ್ಲಿ ಒಂದು ಪಟ್ಟಿ ಮಾಡಿ, ಅದರ ಮೇಲೆ 100 ಮಿಲಿಮೀಟರ್ ಅಂತರದಲ್ಲಿ ಎರಡು ಗೀರು ಹಾಕಿ, ಕೊನೆಯ ಶಾಖದವರೆಗೂ ಸುಟ್ಟು, ಅಂತರವನ್ನು ಮತ್ತೆ ಅಳೆಯಿರಿ. 88 ಉಳಿದಿದ್ದರೆ ಕುಗ್ಗುವಿಕೆ ನೂರಕ್ಕೆ 12. ಮಾರುವವರು ಹೇಳಿದ ಅಂಕಿಯನ್ನು ನಂಬಿ ಮುಂದುವರಿಯಬೇಡಿ. ಮಣ್ಣಿನಲ್ಲಿರುವ ನೀರಿನ ಪ್ರಮಾಣದ ಮೇಲೆ ಅದು ಬದಲಾಗುತ್ತದೆ.

ಕುಗ್ಗುವಿಕೆ 12 ಇದ್ದಾಗ ಹಸಿ ಮಣ್ಣಿನಲ್ಲಿ ಇಡಬೇಕಾದ ಅಳತೆಗಳು ಹೀಗಿವೆ. ಒಡಲಿನ ಬಾಯಿ 120 ಮಿಲಿಮೀಟರ್, ಒಳ ಆಳ 70. ನಳಿಗೆಯ ಒಳರಂಧ್ರ 5.5, ಹೊರ ಅಗಲ 13. ನಳಿಗೆ ಒಡಲಿನ ತಳದಿಂದ ಮೇಲೆ 48 ಇರಬೇಕು, ತಳದ ಕೆಳಗೆ 35 ಇಳಿಯಬೇಕು. ಕಂಬದ ಒಳ ಅಗಲ 20, ಗೋಡೆ 4, ಒಳ ಎತ್ತರ 54. ಹೀಗಿಟ್ಟರೆ ನಳಿಗೆಯ ಸುತ್ತ ಮೂರೂವರೆ ಮಿಲಿಮೀಟರ್, ಅದರ ತಲೆಯ ಮೇಲೆ ಆರು ಮಿಲಿಮೀಟರ್ ಜಾಗ ಉಳಿಯುತ್ತದೆ. ಕಂಬದ ಹೊರತಲೆ ಒಡಲಿನ ಅಂಚಿಗಿಂತ 12 ಮಿಲಿಮೀಟರ್ ಕೆಳಗಿರುತ್ತದೆ.

ಇವುಗಳಲ್ಲಿ ಒಂದು ಅಳತೆಯನ್ನು ಮಾತ್ರ ಮೀರಲೇಬಾರದು: ನಳಿಗೆಯ ಒಳರಂಧ್ರ ಸುಟ್ಟ ಮೇಲೆ ಸುಮಾರು ಐದು ಮಿಲಿಮೀಟರಿಗಿಂತ ಹೆಚ್ಚಾಗಬಾರದು. ಅಷ್ಟು ಕಿರಿದಾದ ಕೊಳವೆಯಲ್ಲಿ ನೀರು ತನ್ನ ಮೇಲ್ಮೈ ಸೆಳೆತದಿಂದಲೇ ಬಿರಡೆಯಾಗಿ ನಿಲ್ಲುತ್ತದೆ, ಗಾಳಿಗುಳ್ಳೆ ಅದನ್ನು ಭೇದಿಸಿ ಮೇಲೇರಲಾರದು. ಎಂಟು ಮಿಲಿಮೀಟರ್ ಆದರೆ ನೀರು ಗೋಡೆ ಹಿಡಿದು ಜಾರುತ್ತದೆ, ನಡುವೆ ಗಾಳಿ ಹಾಗೇ ಉಳಿಯುತ್ತದೆ. ಬೇಗ ಖಾಲಿಯಾಗಲಿ ಎಂಬ ಆಸೆಯಿಂದ ರಂಧ್ರ ದೊಡ್ಡದು ಮಾಡುವುದೇ ಅತಿ ಸಾಮಾನ್ಯ ತಪ್ಪು. ಮೂರು ಮಿಲಿಮೀಟರಿಗಿಂತ ಕಿರಿದು ಮಾಡಿದರೆ ಸುಡುವಾಗ ಒಂದು ಹರಳು ಅಡ್ಡ ಬಂದರೂ ದಾರಿ ಮುಚ್ಚಿಹೋಗುತ್ತದೆ.

ಹಂತ 4: ಒಡಲು ಮತ್ತು ಪಾದ

ಮೊದಲು ಮಾಡಬೇಕಾದವು ಇವೆರಡು, ಏಕೆಂದರೆ ದಪ್ಪ ಹೆಚ್ಚಿರುವುದರಿಂದ ಇವು ಆರಲು ಹೆಚ್ಚು ಹೊತ್ತು ಬೇಕು. ಸಣ್ಣದು ಸುಲಭ ಎಂದು ನಳಿಗೆಯನ್ನೇ ಮೊದಲು ಮಾಡಿದರೆ ಒಡಲು ಹದಕ್ಕೆ ಬರುವಷ್ಟರಲ್ಲಿ ಅದು ಒಣಗಿ ಬಿಳಿಚಿಕೊಂಡಿರುತ್ತದೆ. ಒಣಗಿದ ನಳಿಗೆಯನ್ನು ಹಸಿ ಒಡಲಿಗೆ ಅಂಟಿಸಿದರೆ ಕೀಲು ಬಿರಿಯುವುದು ಖಚಿತ.

ಗಾಳಿ ಹೋಗುವಂತೆ ಚೆನ್ನಾಗಿ ನಾದಿದ ಮಣ್ಣನ್ನು ತಿಗರಿಯ ಮೇಲೆ ನಡು ಹಿಡಿದು, ಅಗಲ ಬಾಯಿಯ ಒಡಲು ಎತ್ತಿ. ತಳ ಎಂಟು ಮಿಲಿಮೀಟರ್ ದಪ್ಪವಿರಲಿ ಮತ್ತು ಒಳಗೆ ಕಂಬ ಕೂರುವಷ್ಟು ಅಗಲಕ್ಕೆ ಸಮತಟ್ಟಾಗಿರಲಿ. ಗುಂಡನೆಯ ತಳದ ಮೇಲೆ ಕಂಬ ಕೂರಿಸಿದರೆ ಅಂಚಿನಲ್ಲಿ ಸಂದು ಉಳಿಯುತ್ತದೆ, ಅದನ್ನು ಸ್ಲಿಪ್‌ನಿಂದ ತುಂಬಿಸಹೋದರೆ ಕಂಡಿಗಳು ಮುಚ್ಚಿಕೊಳ್ಳುತ್ತವೆ.

ಗ್ರೀಕರ ಕೈಲಿಕ್ಸ್ ಬಟ್ಟಲುಗಳಲ್ಲಿ (ಪಾದವೂ ಎರಡು ಹಿಡಿಗಳೂ ಇರುವ ಅಗಲ ಬಾಯಿಯ ಪಾನಪಾತ್ರೆ) ಒಡಲು ಮತ್ತು ಪಾದಗಳನ್ನು ಬೇರೆಬೇರೆ ಎತ್ತಿ ನಂತರ ಸ್ಲಿಪ್‌ನಿಂದ ಕೂಡಿಸುತ್ತಿದ್ದರು. ಇಲ್ಲಿಯೂ ಹಾಗೆಯೇ ಮಾಡಿ. ಪಾದವು ಕಹಳೆಯ ಬಾಯಿಯಂತೆ ಕೆಳಗೆ ಹರಡಿ, ಒಳಗೆ ಪೂರ್ತಿ ಟೊಳ್ಳಾಗಿರಬೇಕು. ಎತ್ತರ 40 ಮಿಲಿಮೀಟರ್. ನಳಿಗೆಯ ಕೆಳತುದಿ ಈ ಟೊಳ್ಳಿನೊಳಗೆ ತೂಗುತ್ತದೆ, ನೆಲಕ್ಕೆ ತಾಗದೆ ಐದು ಮಿಲಿಮೀಟರ್ ಮೇಲೇ ನಿಲ್ಲುತ್ತದೆ. ಪಾದದ ಅಂಚಿನಲ್ಲಿ ಮೂರು ಕಡೆ ಅರ್ಧಚಂದ್ರದಂತೆ ಕಚ್ಚು ಕೊಯ್ಯಿರಿ. ಇಲ್ಲವಾದರೆ ಬಟ್ಟಲು ಮೇಜಿನ ಮೇಲಿದ್ದಾಗ ಇಳಿದ ನೀರಿಗೆ ಹೊರಹೋಗಲು ದಾರಿ ಸಿಗದು.

ಹಂತ 5: ನಳಿಗೆ

ಮರುದಿನ, ಒಡಲು ಬೆರಳೊತ್ತಿದರೆ ಕುಸಿಯದಷ್ಟು, ಆದರೆ ಉಗುರಿನಿಂದ ಗೀರಬಹುದಾದಷ್ಟು ಆರಿದ ಮೇಲೆ ನಳಿಗೆಗೆ ಕೈ ಹಾಕಿ. ಬೆರಳು ದಪ್ಪದ ಮಣ್ಣಿನ ಉರುಳೆಯನ್ನು ಮಾಡಿ, ಎಣ್ಣೆ ಸವರಿದ ಹೆಣಿಗೆ ಕಡ್ಡಿಯನ್ನು ಅದರ ಉದ್ದಕ್ಕೆ ನಡುವಿನಲ್ಲಿ ನಿಧಾನವಾಗಿ ತಿರುಗಿಸುತ್ತ ತೂರಿಸಿ. ನಂತರ ಕಡ್ಡಿಯೊಂದಿಗೇ ಹಲಗೆಯ ಮೇಲೆ ಹಗುರವಾಗಿ ಉರುಳಿಸಿದರೆ ಗೋಡೆ ಎಲ್ಲ ಕಡೆ ಸಮವಾಗುತ್ತದೆ, ಹೊರ ಅಗಲ 13ಕ್ಕೆ ಬರುತ್ತದೆ. ಮಣ್ಣಿನ ಹಾಳೆಯನ್ನು ಕಡ್ಡಿಗೆ ಸುತ್ತಿ ಅಂಚು ಕೂಡಿಸುವ ವಿಧಾನ ಬೇಡ. ಆ ಉದ್ದನೆಯ ಬೆಸುಗೆ ಸುಡುವಾಗ ಸೀಳುತ್ತದೆ.

ಕಡ್ಡಿಯನ್ನು ಒಳಗೇ ಬಿಟ್ಟು ಒಣಗಿಸಬಾರದು. ಮಣ್ಣು ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ನಳಿಗೆ ಉದ್ದಕ್ಕೂ ಬಿರಿಯುತ್ತದೆ. ಸ್ವಲ್ಪ ಬಿಗಿಯಾದೊಡನೆ ತಿರುಗಿಸಿ ಎಳೆದು, ಬೆಳಕಿಗೆ ಹಿಡಿದು ಒಳಗೆ ನೋಡಿ. ವೃತ್ತ ಪೂರ್ಣವಾಗಿ ಕಾಣಬೇಕು.

ನಳಿಗೆಯ ಮೇಲ್ಬಾಯಿಯನ್ನು ಒದ್ದೆ ಬೆರಳಿನಿಂದ ಅಥವಾ ಪೆನ್ಸಿಲ್ ಮೊನೆಯಿಂದ ತುಸು ಅಗಲಿಸಿ, ಆಲಿಕೆಯ ಆಕಾರ ಕೊಡಿ. ಎರಡು ಮಿಲಿಮೀಟರ್ ಆಳ ಸಾಕು. ಹೀಗೆ ಮಾಡಿದರೆ ಅಂಚು ದಾಟಿದ ನೀರು ಎಲ್ಲ ಕಡೆಯಿಂದ ಒಮ್ಮೆಗೇ ನಡುವಿಗೆ ಬಂದು ಬಿರಡೆ ಕಟ್ಟುತ್ತದೆ. ಸೈಫನ್ ಹಿಡಿಯುವುದೂ ಹಿಡಿಯದಿರುವುದೂ ಎಷ್ಟೋ ಸಲ ಇಷ್ಟು ಸಣ್ಣ ವಿಷಯದ ಮೇಲೆ ನಿಂತಿರುತ್ತದೆ. ಮೇಲ್ಬಾಯಿ ಓರೆಯಾಗದೆ ಸಮಮಟ್ಟದಲ್ಲಿರಬೇಕು, ಏಕೆಂದರೆ ಓರೆಯಾದರೆ ನೀರು ತಗ್ಗಿನ ಒಂದು ಕಡೆಯಿಂದ ಮಾತ್ರ ಜಿನುಗುತ್ತದೆ.

ಹಂತ 6: ಕಂಬ ಮತ್ತು ಕಂಡಿಗಳು

ಗುಂಡುಗೋಲಿಗೆ ಪತ್ರಿಕೆಯ ಕಾಗದವನ್ನು ಒಂದು ಸುತ್ತು ಸುತ್ತಿ, ಅದರ ಮೇಲೆ ನಾಲ್ಕು ಮಿಲಿಮೀಟರ್ ದಪ್ಪದ ಮಣ್ಣಿನ ಹಾಳೆಯನ್ನು ಸುತ್ತಿ, ಅಂಚುಗಳನ್ನು ಓರೆಯಾಗಿ ಕೊಯ್ದು ಸ್ಲಿಪ್ ಹಚ್ಚಿ ಕೂಡಿಸಿ. ಕಾಗದ ಇರುವುದರಿಂದ ಗೋಲು ಸಲೀಸಾಗಿ ಹೊರಬರುತ್ತದೆ. ತಲೆಗೆ ಅದೇ ದಪ್ಪದ ಬಿಲ್ಲೆ ಅಂಟಿಸಿ, ಒಳಗಿನಿಂದಲೂ ಹೊರಗಿನಿಂದಲೂ ಕೀಲನ್ನು ಒತ್ತಿ ಮುಚ್ಚಿ. ನಳಿಗೆಗೆ ಬೇಡವೆಂದ ಬೆಸುಗೆಯನ್ನು ಇಲ್ಲಿ ಒಪ್ಪಬಹುದು, ಏಕೆಂದರೆ ಕಂಬದ ಬೆಸುಗೆಗೆ ಎರಡೂ ಬದಿಯಿಂದ ಬೆರಳು ಸಿಗುತ್ತದೆ.

ಬುಡದ ಅಂಚಿನಲ್ಲಿ ಸಮ ಅಂತರದಲ್ಲಿ ಮೂರು ಕಂಡಿಗಳನ್ನು ಕೊಯ್ಯಿರಿ. ಒಂದೊಂದೂ ಐದು ಮಿಲಿಮೀಟರ್ ಅಗಲ, ನಾಲ್ಕು ಎತ್ತರ. ಮೂರರ ಒಟ್ಟು ಹರವು ನಳಿಗೆಯ ರಂಧ್ರದ ಹರವಿಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ನೀರು ಒಳಬರುವುದಕ್ಕಿಂತ ವೇಗವಾಗಿ ಹೊರಹೋಗಲು ಎಳೆದು ಧಾರೆ ತುಂಡಾಗುತ್ತದೆ. ಕಂಡಿ ಎಷ್ಟು ಎತ್ತರವಿದೆಯೋ ಬಟ್ಟಲಿನಲ್ಲಿ ಕೊನೆಗೆ ಸುಮಾರು ಅಷ್ಟು ನೀರು ಉಳಿಯುತ್ತದೆ ಎಂಬುದೂ ನೆನಪಿರಲಿ.

ಹಂತ 7: ಜೋಡಣೆ, ಮತ್ತು ಮುಚ್ಚುವ ಮೊದಲಿನ ಪರೀಕ್ಷೆಗಳು

ಇಡೀ ಕೆಲಸದ ಹೃದಯ ಈ ಹಂತ. ನಾಲ್ಕೂ ಭಾಗಗಳು ಒಂದೇ ಹದದಲ್ಲಿರಬೇಕು. ಯಾವುದಾದರೂ ಮುಂದೆ ಹೋಗಿದ್ದರೆ ಎಲ್ಲವನ್ನೂ ಒಟ್ಟಿಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಂದು ರಾತ್ರಿ ಇಟ್ಟರೆ ತೇವ ಹಂಚಿಕೊಳ್ಳುತ್ತದೆ.

ಒಡಲನ್ನು ತಿಗರಿಯ ಮೇಲೆ ನಡು ಹಿಡಿದು ನಿಲ್ಲಿಸಿ, ತಿರುಗುತ್ತಿರುವಾಗಲೇ ಸೂಜಿಯಿಂದ ತಳದ ನಡುಬಿಂದುವನ್ನು ಗುರುತಿಸಿ. ಕಣ್ಣಂದಾಜು ಸಾಲದು. ಕಂಬ ನಟ್ಟನಡುವೆ ಇದ್ದರೆ ಕುಡಿಯಲು ಬಟ್ಟಲನ್ನು ಓರೆ ಮಾಡಿದಾಗಲೂ ಕಂಬದ ಬಳಿ ನೀರಿನ ಮಟ್ಟ ಏರುವುದಿಲ್ಲ. ಕುಡಿಯುವವರ ತುಟಿಯ ಕಡೆಗೆ ಅದು ಸರಿದಿದ್ದರೆ, ಗೆರೆ ಮೀರದೆ ತುಂಬಿದವರ ಬಟ್ಟಲೂ ಓರೆ ಮಾಡಿದೊಡನೆ ಖಾಲಿಯಾಗುತ್ತದೆ.

ನಡುಬಿಂದುವಿನಲ್ಲಿ 13 ಮಿಲಿಮೀಟರ್ ತೂತು ಕೊರೆದು, ತೂತಿನ ಒಳ ಅಂಚಿಗೂ ನಳಿಗೆಯ ಹೊರಮೈಗೂ ಟೂತ್‌ಬ್ರಷ್‌ನಿಂದ ಗೀರು ಹಾಕಿ ಸ್ಲಿಪ್ ಹಚ್ಚಿ, ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ. ತಳದ ಮೇಲೆ 48 ಮಿಲಿಮೀಟರ್ ಬಂದಾಗ ನಿಲ್ಲಿಸಿ. ಸುತ್ತಲೂ ಮೆತ್ತನೆಯ ಮಣ್ಣಿನ ತೆಳ್ಳನೆ ಎಳೆಯನ್ನು ಒಳಗೂ ಹೊರಗೂ ಕೂರಿಸಿ, ಮರದ ಕಡ್ಡಿಯಿಂದ ಒತ್ತಿ ಬೆರೆಸಿ. ಈ ಕೀಲನ್ನು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಒತ್ತಬೇಕು. ನಂತರ ಮೂರು ಪರೀಕ್ಷೆಗಳನ್ನು ಮಾಡಿ.

ಮೊದಲನೆಯದು ತಂತಿಯ ಪರೀಕ್ಷೆ. ಕೆಳಗಿನಿಂದ ತೂರಿಸಿದ ನೆಟ್ಟಗಿನ ತಂತಿ ಎಲ್ಲೂ ತಡೆಯದೆ ಮೇಲೆ ಬರಬೇಕು.

ಎರಡನೆಯದು ಬೆಳಕಿನ ಪರೀಕ್ಷೆ. ನಳಿಗೆಯ ಕೆಳಬಾಯಿಯನ್ನು ಹಸಿ ಮಣ್ಣಿನಿಂದ ಮುಚ್ಚಿ, ಕತ್ತಲೆ ಕೋಣೆಯಲ್ಲಿ ತಳದ ಕೆಳಗಿನಿಂದ ಟಾರ್ಚ್ ಬಿಟ್ಟು ಕೀಲಿನ ಸುತ್ತ ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಮತ್ತೆ ಗೀರಿ, ಮಣ್ಣು ಒತ್ತಬೇಕು. ಆಮೇಲೆ ಮುಚ್ಚಿದ ಮಣ್ಣನ್ನು ಮರೆಯದೆ ತೆಗೆಯಿರಿ.

ಮೂರನೆಯದು ತಲೆಯ ಅಂತರದ ಪರೀಕ್ಷೆ. ಕಡಲೆ ಗಾತ್ರದ ಮೆತ್ತನೆಯ ಮಣ್ಣಿನ ಉಂಡೆಗೆ ಪೌಡರ್ ಹಚ್ಚಿ ನಳಿಗೆಯ ಬಾಯಿಯ ಮೇಲಿಟ್ಟು, ಕಂಬವನ್ನು ಸ್ಲಿಪ್ ಇಲ್ಲದೆಯೇ ಕವುಚಿ, ಬುಡ ತಳಕ್ಕೆ ತಾಗುವವರೆಗೆ ಒತ್ತಿ ಎತ್ತಿ. ಚಪ್ಪಟೆಯಾದ ಉಂಡೆಯ ದಪ್ಪವೇ ಒಳಗಿನ ಅಂತರ. ಐದು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಳಿಗೆಯ ತಲೆಯನ್ನು ಕೊಯ್ದು ಮತ್ತೆ ಆಲಿಕೆಯ ಆಕಾರ ಕೊಡಿ. ಉಂಡೆ ಒಂದು ಬದಿಗೆ ಓರೆಯಾಗಿ ಚಪ್ಪಟೆಯಾಗಿದ್ದರೆ ನಳಿಗೆ ಅಥವಾ ಕಂಬ ವಾಲಿದೆ ಎಂದರ್ಥ.

ಇವಿಷ್ಟೂ ಸರಿಯಾದ ಮೇಲೆ ಕಂಬ ಅಂಟಿಸಿ. ಕಂಬ ಕೂರುವ ಜಾಗದಲ್ಲಿ ತಳಕ್ಕೆ ಗೀರು ಮಾತ್ರ ಹಾಕಿ, ಸ್ಲಿಪ್ಪನ್ನು ಕಂಬದ ಬುಡಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಹೆಚ್ಚಾದ ಸ್ಲಿಪ್ ಒತ್ತಿದಾಗ ಒಳಮುಖವಾಗಿ ಉಕ್ಕಿ ಕಂಡಿಗಳನ್ನು ಒಳಗಿನಿಂದ ಮುಚ್ಚುತ್ತದೆ, ಅದನ್ನು ತೆಗೆಯುವ ದಾರಿಯೇ ಇಲ್ಲ. ಮುಂಜಾಗ್ರತೆಗೆ ಪ್ರತಿ ಕಂಡಿಯಲ್ಲೂ ಪತ್ರಿಕೆಯ ಕಾಗದದ ಸಣ್ಣ ಸುರುಳಿಯೊಂದನ್ನು ಸಿಕ್ಕಿಸಿಯೇ ಕಂಬ ಕೂರಿಸಿ. ಕಾಗದ ಸ್ಲಿಪ್ಪನ್ನು ತಡೆಯುತ್ತದೆ, ಆವಿಗೆಯಲ್ಲಿ ಸುಟ್ಟು ಬೂದಿಯಾಗುತ್ತದೆ. ಹೊರಗಿನಿಂದ ತೆಳ್ಳನೆ ಮಣ್ಣಿನ ಎಳೆಯನ್ನು ಕಂಡಿಗಳನ್ನು ಬಿಟ್ಟು ಬುಡದ ಸುತ್ತ ಒತ್ತಿ.

ಕೊನೆಯದಾಗಿ ಹೀರುವ ಪರೀಕ್ಷೆ. ಮೂರೂ ಕಂಡಿಗಳನ್ನು ಹಸಿ ಮಣ್ಣಿನ ಚೂರಿನಿಂದ ಹೊರಗಿನಿಂದ ಮುಚ್ಚಿ, ರಬ್ಬರ್ ಕೊಳವೆಯನ್ನು ನಳಿಗೆಯ ಕೆಳಬಾಯಿಗೆ ಒತ್ತಿ ಹಿಡಿದು ಹಗುರವಾಗಿ ಹೀರಿ. ಕೊಳವೆಯ ತುದಿ ನಾಲಿಗೆಗೆ ಅಂಟಿಕೊಂಡು ಹಾಗೇ ನಿಂತರೆ ಗಾಳಿ ಎಲ್ಲೂ ನುಸುಳುತ್ತಿಲ್ಲ. ಕೂಡಲೇ ಸಡಿಲವಾದರೆ ಕಂಬದ ತಲೆಯ ಬಿಲ್ಲೆ, ಉದ್ದನೆಯ ಬೆಸುಗೆ, ಬುಡ ಈ ಅನುಕ್ರಮದಲ್ಲಿ ಮತ್ತೆ ಒತ್ತಿ ಪರೀಕ್ಷಿಸಿ. ಈ ಹದದ ಮಣ್ಣು ಗಾಳಿ ಬಿಡದಷ್ಟು ಬಿಗಿಯಾಗಿರುವುದರಿಂದ ಈ ಪರೀಕ್ಷೆ ಇಲ್ಲಿ ನಂಬಿಕೆಗೆ ಅರ್ಹ. ಮುಚ್ಚಿದ ಚೂರುಗಳನ್ನು ತೆಗೆದ ಮೇಲೆ ಪಾದವನ್ನು ಕೂಡಿಸಿ.

ಹಂತ 8: ಹಿಡಿಗಳು

ಕೈಲಿಕ್ಸ್‌ಗೆ ಎದುರುಬದುರಾಗಿ ಎರಡು ಅಡ್ಡ ಹಿಡಿಗಳಿರುತ್ತವೆ. ಅವುಗಳನ್ನು ಕೊನೆಗೆ ಜೋಡಿಸುವುದಕ್ಕೆ ಕಾರಣವಿದೆ. ಎಷ್ಟು ಜಾಗ್ರತೆ ವಹಿಸಿದರೂ ಕಂಬ ಒಂದೆರಡು ಮಿಲಿಮೀಟರ್ ನಡು ತಪ್ಪಿರಬಹುದು. ಅದು ಯಾವ ದಿಕ್ಕಿಗೆ ಸರಿದಿದೆ ಎಂದು ಸ್ಕೇಲಿನಿಂದ ಅಳೆದು, ಒಂದು ಹಿಡಿಯನ್ನು ಸರಿಯಾಗಿ ಆ ದಿಕ್ಕಿನಲ್ಲೇ ಇಡಿ. ಎರಡೂ ಹಿಡಿ ಹಿಡಿದು ಕುಡಿಯುವವರು ಬಟ್ಟಲನ್ನು ಓರೆ ಮಾಡುವುದು ಹಿಡಿಗಳ ನಡುವಿನ ರೇಖೆಯ ಸುತ್ತ. ಆ ರೇಖೆಯ ಮೇಲೆ ಕಂಬ ಎಲ್ಲಿದ್ದರೂ ನೀರಿನ ಮಟ್ಟಕ್ಕೆ ವ್ಯತ್ಯಾಸವಾಗದು. ದೋಷ ಹಾಗೇ ಉಳಿದರೂ ಅದರಿಂದ ತೊಂದರೆಯಾಗುವುದಿಲ್ಲ.

ಹಿಡಿಗಳು ದಪ್ಪವಾದರೆ ಒಣಗುವಾಗ ಬಾಯಂಚನ್ನು ಎಳೆದು ಮೊಟ್ಟೆಯಾಕಾರ ಮಾಡುತ್ತವೆ. ಕಿರುಬೆರಳಿಗಿಂತ ತೆಳ್ಳಗಿರಲಿ.

ಹಂತ 9: ಒಣಗಿಸುವುದು ಮತ್ತು ಮೊದಲ ಸುಡುವಿಕೆ

ಬಟ್ಟಲನ್ನು ಸಡಿಲವಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ನೆರಳಿನಲ್ಲಿಡಿ. ಮೊದಲು ಒಣಗುವುದು ಹಿಡಿ ಮತ್ತು ಅಂಚು. ಅವುಗಳ ಮೇಲೆ ಒದ್ದೆ ಬಟ್ಟೆಯ ಪಟ್ಟಿ ಹಾಕಿದರೆ ನಡುವಿನ ಭಾಗದ ಜೊತೆಗೇ ಒಣಗುತ್ತವೆ. ಕಂಬದೊಳಗಿನ ನಳಿಗೆ ಎಲ್ಲಕ್ಕಿಂತ ತಡವಾಗಿ ಒಣಗುತ್ತದೆ, ಏಕೆಂದರೆ ಅಲ್ಲಿ ಗಾಳಿಯಾಡಲು ಇರುವುದು ಸಣ್ಣ ಕಂಡಿಗಳು ಮಾತ್ರ. ಹೊರಗೆ ಪೂರ್ತಿ ಬಿಳಿಚಿಕೊಂಡ ಮೇಲೂ ಕೆಲವು ದಿನ ಬಿಡಿ. ಪಾದದೊಳಗೆ ಕೈ ಹಾಕಿ ನಳಿಗೆಯ ತುದಿಯನ್ನು ಮುಟ್ಟಿದಾಗ ತಣ್ಣಗನ್ನಿಸಿದರೆ ಇನ್ನೂ ತೇವವಿದೆ.

ಸುಡುವಾಗ ನೀರು ಕುದಿಯುವ ಶಾಖ ದಾಟುವವರೆಗೆ ಬಹಳ ನಿಧಾನವಾಗಿ ಏರಿಸಿ. ಉಳಿದ ತೇವ ಆವಿಯಾಗಿ ಒಮ್ಮೆಗೇ ಹಿಗ್ಗಿದರೆ ಕಂಬವೇ ಒಡೆಯುತ್ತದೆ. ಮೊದಲ ಸುಡುವಿಕೆಗೆ ಸುಮಾರು 1,000 ಡಿಗ್ರಿ ಸಾಕು.

ಹಂತ 10: ಗ್ಲೇಜ್‌ಗೆ ಮೊದಲು ನೀರಿನ ಪರೀಕ್ಷೆ

ಕಂಡಿಗಳಲ್ಲಿ ಉಳಿದ ಕಾಗದದ ಬೂದಿಯನ್ನು ಊದಿ, ನಳಿಗೆಯಲ್ಲಿ ತಂತಿ ಆಡಿಸಿ, ಬಟ್ಟಲನ್ನು ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒಣ ಬಟ್ಟಲಿನಲ್ಲಿ ಪರೀಕ್ಷಿಸಿದರೆ ಗೋಡೆ ನೀರು ಹೀರುತ್ತದೆ, ಗಾಳಿಯನ್ನೂ ಬಿಡುತ್ತದೆ; ನೆನೆದ ಗೋಡೆ ಎರಡನ್ನೂ ತಡೆಯುತ್ತದೆ.

ಬೋಗುಣಿಯ ಮೇಲೆ ಹಿಡಿದು, ನೀರು ನಳಿಗೆಯ ಮಟ್ಟಕ್ಕೆ ಬರುವವರೆಗೆ ನಿಧಾನವಾಗಿ, ಕೊನೆಯ ಗುಟುಕನ್ನು ಜೋರಾಗಿ ಸುರಿಯಿರಿ. ಸರಿಯಾಗಿದ್ದರೆ ಮೊದಲು ಕೆಲವು ಹನಿ, ನಂತರ ಒಂದು ಸಣ್ಣ ಗೊಳಕ್ ಸದ್ದು, ಆಮೇಲೆ ಕಡಿಯದ ಧಾರೆ ಬರುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಒಡಲು ಖಾಲಿಯಾಗಬೇಕು. ಯಾವ ಮಟ್ಟದಲ್ಲಿ ಇಳಿಯಲಾರಂಭಿಸಿತೋ ಅದಕ್ಕಿಂತ ಐದಾರು ಮಿಲಿಮೀಟರ್ ಕೆಳಗೆ ಪೆನ್ಸಿಲ್ ಗುರುತು ಹಾಕಿ. ಬಣ್ಣದ ಗೆರೆ ಬರಬೇಕಾದದ್ದು ಅಲ್ಲಿ. ಸ್ಕೇಲಿನಿಂದ ಲೆಕ್ಕ ಹಾಕಿ ಗೆರೆ ಎಳೆಯುವುದಕ್ಕಿಂತ ನೀರು ತೋರಿಸಿದ ಮಟ್ಟವನ್ನು ನಂಬುವುದು ಮೇಲು.

ಪರೀಕ್ಷೆಯ ನಂತರ ಎರಡು ಮೂರು ದಿನ ಒಣಗಿಸದೆ ಗ್ಲೇಜ್ ಹಚ್ಚಬೇಡಿ.

ಹಂತ 11: ಬಣ್ಣ, ಗ್ಲೇಜ್ ಮತ್ತು ಎರಡನೆಯ ಸುಡುವಿಕೆ

ಅಥೆನ್ಸ್‌ನ ಬಟ್ಟಲುಗಳ ಹೊಳೆಯುವ ಕಪ್ಪು ಇಂದಿನ ಅರ್ಥದ ಗ್ಲೇಜ್ ಅಲ್ಲ. ನುಣ್ಣನೆಯ ಮಣ್ಣಿನ ಸ್ಲಿಪ್ಪು, ಆವಿಗೆಗೆ ಗಾಳಿ ಬಿಟ್ಟು, ಆಮೇಲೆ ಗಾಳಿ ಕಟ್ಟಿ ಹೊಗೆ ತುಂಬಿಸಿ, ಕೊನೆಗೆ ಮತ್ತೆ ಗಾಳಿ ಬಿಟ್ಟು ಮೂರು ಘಟ್ಟದಲ್ಲಿ ಸುಟ್ಟಾಗ ಕಪ್ಪಾಗಿ ಉಳಿಯುತ್ತದೆ. ಬರಿ ಮಣ್ಣು ಕೆಂಪಿಗೆ ಮರಳುತ್ತದೆ. ವಿದ್ಯುತ್ ಆವಿಗೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಹೊಗೆಯಿಂದ ಅದರ ಕಾಯಿಸುವ ತಂತಿಗಳು ಹಾಳಾಗುತ್ತವೆ. ಕಪ್ಪು ಅಂಡರ್‌ಗ್ಲೇಜ್ ಬಣ್ಣ ಮತ್ತು ಅದರ ಮೇಲೆ ಪಾರದರ್ಶಕ ಗ್ಲೇಜ್ ಸಾಕು.

ಚಿತ್ರಕ್ಕೆ ಕಣ್ಣಿನ ಬಟ್ಟಲಿನ ಮಾದರಿಯನ್ನೇ ಸೂಚಿಸುತ್ತೇನೆ. ಕ್ರಿ.ಪೂ. 6ನೆಯ ಶತಮಾನದ ಉತ್ತರಾರ್ಧದ ಇಂಥ ಬಟ್ಟಲುಗಳ ಹೊರಮೈಯಲ್ಲಿ, ಹಿಡಿಗಳ ನಡುವೆ ಎರಡು ದೊಡ್ಡ ಕಣ್ಣುಗಳು ಮತ್ತು ಹುಬ್ಬುಗಳಿರುತ್ತವೆ. ಕುಡಿಯುವವರು ಬಟ್ಟಲೆತ್ತಿದಾಗ ಎದುರಿಗೆ ಕುಳಿತವರಿಗೆ ಅವರ ಮುಖದ ಬದಲು ಒಂದು ಮುಖವಾಡ ಕಾಣುತ್ತದೆ: ಹಿಡಿಗಳು ಕಿವಿ, ಪಾದದ ಅಡಿ ಬಾಯಿ. ಸೈಫನ್ ಬಟ್ಟಲಿನಲ್ಲಿ ಪಾದದೊಳಗೆ ನಳಿಗೆಯ ತುದಿಯೂ ಇರುವುದರಿಂದ ಆ ಬಾಯಿ ಇನ್ನಷ್ಟು ಒಪ್ಪುತ್ತದೆ. ಕಣ್ಣಿನ ವೃತ್ತಗಳನ್ನು ಕೈವಾರದಿಂದ ಗೀರಿಕೊಂಡು ಒಳಗಿನಿಂದ ಹೊರಕ್ಕೆ ಬಣ್ಣ ತುಂಬಿ.

ಗ್ಲೇಜ್ ಹಚ್ಚುವ ಮೊದಲು ಕಂಡಿಗಳ ಸುತ್ತ ಒಂದು ಸೆಂಟಿಮೀಟರ್, ನಳಿಗೆಯ ಕೆಳತುದಿ ಮತ್ತು ಪಾದದ ಒಳಮೈಗೆ ಮೇಣ ಸವರಿ. ಒಡಲಿನೊಳಗೆ ಗ್ಲೇಜ್ ಸುರಿದು ತಿರುಗಿಸಿ ಚೆಲ್ಲುವ ಸಾಮಾನ್ಯ ವಿಧಾನ ಇಲ್ಲಿ ಸಲ್ಲದು, ಅದು ನೇರವಾಗಿ ಕಂಡಿಯೊಳಗೆ ಹೋಗುತ್ತದೆ. ಕುಂಚದಿಂದಲೇ ಹಚ್ಚಿ. ಹರಿಯುವ ಗುಣದ ಗ್ಲೇಜ್ ಬೇಡ. ಕರಗಿದ ಗ್ಲೇಜ್ ತಗ್ಗಿಗೆ ಇಳಿಯುತ್ತದೆ, ಬಟ್ಟಲಿನಲ್ಲಿ ಅತಿ ತಗ್ಗಿನ ಜಾಗ ಕಂಡಿಗಳದೇ. ಸೀಸವಿಲ್ಲದ, ಊಟದ ಪಾತ್ರೆಗೆ ತಕ್ಕ ಗ್ಲೇಜ್ ಎಂದು ಖಚಿತಪಡಿಸಿಕೊಳ್ಳಿ. ಸುಟ್ಟ ಮೇಲೆ ನಿಂಬೆಹಣ್ಣಿನ ಹೋಳನ್ನು ಗ್ಲೇಜ್ ಮೇಲೆ ಒಂದು ರಾತ್ರಿ ಇಡಿ. ಬಣ್ಣ ಮಾಸಿದರೆ ಆ ಬಟ್ಟಲು ಕುಡಿಯಲು ಯೋಗ್ಯವಲ್ಲ. ಬಣ್ಣ ಮಾಸದಿದ್ದರೂ ಸೀಸವಿಲ್ಲ ಎಂದು ಈ ಪರೀಕ್ಷೆ ಹೇಳುವುದಿಲ್ಲ, ಅದಕ್ಕೆ ಗ್ಲೇಜ್ ತಯಾರಕರ ಮಾಹಿತಿಯನ್ನೇ ನೋಡಬೇಕು.

ಒಣ ಮಣ್ಣನ್ನು ಅಥವಾ ಗ್ಲೇಜನ್ನು ಉಜ್ಜಿ ತೆಗೆಯಬೇಕಾದಾಗ ಒದ್ದೆ ಸ್ಪಂಜನ್ನೇ ಬಳಸಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ.

ಹಂತ 12: ಕೆಲಸ ಮಾಡದ ಬಟ್ಟಲಿನಲ್ಲಿ ದೋಷ ಹುಡುಕುವುದು

ಧಾರೆ ಅರ್ಧದಲ್ಲಿ ನಿಂತರೆ, ನೀರು ಯಾವ ಎತ್ತರದಲ್ಲಿ ನಿಂತಿತು ಎಂದು ನೋಡಿ. ಕಂಬದ ಗೋಡೆಯಲ್ಲಿ ಬಿರುಕಿರುವುದು ಸರಿಯಾಗಿ ಅದೇ ಎತ್ತರದಲ್ಲಿ. ಬಿರುಕು ನೀರಿನಡಿ ಇರುವಷ್ಟು ಹೊತ್ತು ಅದರ ಮೂಲಕ ನೀರೇ ಒಳಹೋಗುತ್ತದೆ. ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಗೆರೆ ಮೀರಿದಾಗ ಬರಿ ತೊಟ್ಟಿಕ್ಕಿ, ಎಷ್ಟು ಜೋರಾಗಿ ಸುರಿದರೂ ಧಾರೆಯಾಗದಿದ್ದರೆ ಬಿರುಕು ಕಂಬದ ತಲೆಯಲ್ಲಿದೆ, ಅಥವಾ ನಳಿಗೆಯ ರಂಧ್ರ ದೊಡ್ಡದಾಗಿದೆ. ತಲೆಗೆ ಒದ್ದೆ ಬೆರಳನ್ನು ಅಥವಾ ಮೇಣವನ್ನು ಒತ್ತಿ ಮತ್ತೆ ಸುರಿದು ನೋಡಿ. ಆಗ ಧಾರೆ ಹಿಡಿದರೆ ತಲೆಯ ಬಿರುಕೇ ಕಾರಣ. ಹಿಡಿಯದಿದ್ದರೆ ರಂಧ್ರದ ದೋಷ, ಅದಕ್ಕೆ ಆ ಬಟ್ಟಲಿನಲ್ಲಿ ಪರಿಹಾರವಿಲ್ಲ.

ಗೆರೆಗಿಂತ ಬಹಳ ಕೆಳಗೇ ಹನಿ ಆರಂಭವಾದರೆ, ಹನಿ ಬೀಳುವುದು ನಳಿಗೆಯ ಬಾಯಿಯಿಂದಲೋ ನಳಿಗೆಯ ಹೊರಮೈ ಹಿಡಿದೋ ಎಂದು ಪಾದವನ್ನು ಮೇಲೆತ್ತಿ ಗಮನಿಸಿ. ಬಾಯಿಯಿಂದ ಬಂದರೆ ನಳಿಗೆಯ ಗೋಡೆ ಸೀಳಿದೆ. ಹೊರಮೈ ಹಿಡಿದು ಬಂದರೆ ತಳದ ಕೀಲು ಬಿಟ್ಟಿದೆ. ಮೊದಲ ಸುಡುವಿಕೆಯ ನಂತರವಾದರೆ ಪಾದದೊಳಗಿನಿಂದ ಆ ಕೀಲಿಗೆ ಮಾತ್ರ ಗ್ಲೇಜ್ ತುಂಬಿ ಸುಟ್ಟು ಮುಚ್ಚಬಹುದು. ಅಂಚಿನವರೆಗೆ ತುಂಬಿದರೂ ಒಂದು ಹನಿಯೂ ಬರದಿದ್ದರೆ ದಾರಿ ಮುಚ್ಚಿದೆ. ಕೆಳಗಿನಿಂದ ತಂತಿ ಕಂಬದ ಚಾವಣಿಗೆ ಟಕ್ಕನೆ ತಾಗುವವರೆಗೂ ಹೋದರೆ ನಳಿಗೆ ಸರಿಯಿದೆ, ಕಂಡಿಗಳು ಕಟ್ಟಿವೆ.

ಸುಟ್ಟ ಬಟ್ಟಲಿನ ಬಿರುಕನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿದರೆ ಸೈಫನ್ ಕೆಲಸ ಮಾಡುತ್ತದೆ, ಆದರೆ ಅದನ್ನು ಪ್ರದರ್ಶನಕ್ಕೆ ಮಾತ್ರ ಇಟ್ಟುಕೊಳ್ಳಬೇಕು.

ಹಂತ 13: ಬಳಕೆ ಮತ್ತು ತೊಳೆಯುವುದು

ಗ್ರೀಕರು ಕೂಟಗಳಲ್ಲಿ ದ್ರಾಕ್ಷಾರಸವನ್ನು ನೀರು ಬೆರೆಸಿ ಕುಡಿಯುತ್ತಿದ್ದರು, ಅದರ ಗಸಿಯನ್ನು ಸೋಸಲು ಸೋಸಣಿಗೆಗಳನ್ನೂ ಬಳಸುತ್ತಿದ್ದರು. ಇಲ್ಲಿಯೂ ಸೋಸಿದ ಪಾನೀಯವನ್ನೇ ಹಾಕಿ. ಹಣ್ಣಿನ ತಿರುಳಿರುವ ರಸ, ಹಾಲು, ಮಜ್ಜಿಗೆ, ಬೆಲ್ಲದ ಪಾನಕ ಈ ಬಟ್ಟಲಿಗೆ ಸಲ್ಲವು. ಅವುಗಳ ಜಿಡ್ಡು ಕಂಬದೊಳಗೆ ಉಳಿದರೆ ಕೈಯೂ ಬ್ರಷ್ಷೂ ತಲುಪದು. ಬಳಸಿದೊಡನೆ ಬಿಸಿನೀರನ್ನು ಗೆರೆ ಮೀರಿ ತುಂಬಿ, ಸೈಫನ್‌ನಿಂದಲೇ ಎರಡು ಮೂರು ಸಲ ಇಳಿಸಿ, ಕೆಳಗಿನಿಂದ ನಳಿಗೆಗೆ ತೆಳ್ಳನೆಯ ಬ್ರಷ್ ಹಾಕಿ ತಿಕ್ಕಿ. ನಂತರ ಕವುಚಿ, ಕಂಬದೊಳಗಿನ ನೀರು ಕಂಡಿಗಳ ಕಡೆಗೆ ಬರುವಂತೆ ಅತ್ತಿತ್ತ ಓರೆ ಮಾಡಿ ಬಸಿದು, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಮತ್ತೆ ಬಳಸುವ ಮೊದಲು ನಳಿಗೆಯ ಕೆಳಬಾಯಿಯನ್ನು ಮೂಸಿ ನೋಡಿ; ಹುಳಿ ವಾಸನೆಯಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಮೊದಲಿನಂತೆ ತೊಳೆಯಿರಿ.